ಪಾಲಿಹೌಸಿಗೂ ಒಂದು ಬೇಸಿಗೆ ರಜೆ ಬೇಕು

ಪಾಲಿಹೌಸಿನ ಸವತೆ ಬಳ್ಳಿ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ, ನೀರು ಸಾಲಲಿಲ್ಲವೆಂದು ಡ್ರಿಪ್ ಬಿಡುತ್ತಾರೆ. ಎಲೆ ಹಳದಿಯಾದರೆ ಗೊಬ್ಬರ ಕೊಡುತ್ತಾರೆ. ಒಂದು ಬಳ್ಳಿ ಕಿತ್ತು ಬೇರು ತೊಳೆದು ನೋಡುವವರು ಕಡಿಮೆ. ನೋಡಿದರೆ ಬೇರಿನಲ್ಲಿ ಗಂಟು ಕಾಣುತ್ತದೆ. ಶೇಂಗಾ ಬೇರಿನ ಗಂಟು ಬೆರಳಿಂದ ತಿಕ್ಕಿದರೆ ಉದುರುತ್ತದೆ. ಅದು ಸಾರಜನಕ ಕೊಡುವ ಗಂಟು. ಸವತೆಯದು ಉದುರುವುದಿಲ್ಲ, ಬೇರೇ ಊದಿಕೊಂಡಿರುತ್ತದೆ. ಒಳಗೆ ಕೂತ ನೆಮಟೋಡ್ ಎಂಬ ಬೇರುಗಂಟು ಹುಳುವಿನ ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ಪೀಳಿಗೆ. ಅದು ಗಾಯ ಮಾಡಿದ ಬೇರಿಗೆ ಸೊರಗು ರೋಗದ ಬೂಷ್ಟು ಸಲೀಸಾಗಿ ಹೊಗುತ್ತದೆ.

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ನಮ್ಮ ವಾಗದರಿ ಸೀಮೆಯಲ್ಲಿ ಎರೆಭೂಮಿಯೇ ಹೆಚ್ಚು. ನೀರು ಬಸಿಯದ ಎರೆಯಲ್ಲಿ ಡೊಣ್ಣಮೆಣಸಿನಕಾಯಿ ನಿಲ್ಲುವುದಿಲ್ಲವೆಂದು ಕೆಂಪು ಮಣ್ಣು ತರಿಸಿ ಮಡಿ ಕಟ್ಟುವುದುಂಟು. ಆ ಮಣ್ಣು ಯಾರ ಹೊಲದ್ದು, ಅಲ್ಲಿ ಮೊದಲು ಏನಿತ್ತು ಎಂದು ಕೇಳಲೇಬೇಕು. ಹಳೆಯ ದಾಳಿಂಬೆ ತೋಟದ್ದಾದರೆ ಹುಳುವನ್ನು ಬಾಡಿಗೆ ಕೊಟ್ಟು ತರಿಸಿದಂತೆ. ದಾಳಿಂಬೆಗೂ ಇದೇ ಕಾಟ. 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿರುವ ಸೊಲ್ಲಾಪುರ ಜಿಲ್ಲೆಗೆ ಇದೇನು ಹೊಸ ಸುದ್ದಿಯಲ್ಲ. ಟಿಪ್ಪರ್ ಇಳಿಸುವ ಮೊದಲು ಕುಂಡದಲ್ಲಿ ಆ ಮಣ್ಣು ತುಂಬಿ ಟೊಮ್ಯಾಟೊ ಸಸಿ ಹಚ್ಚಿ, ಐದಾರು ವಾರ ಬಿಟ್ಟು ಬೇರು ನೋಡಿದರೆ ಗೊತ್ತಾಗುತ್ತದೆ. ಖರ್ಚೂ ಇಲ್ಲ.

ಬಯಲು ಹೊಲದಲ್ಲಿ ಜೋಳ, ಕಡಲೆ, ತೊಗರಿ ಬದಲಿಸುತ್ತ, ಬೇಸಿಗೆಯಲ್ಲಿ ರಂಟೆ ಹೊಡೆದು ಹೆಂಟೆಗಳನ್ನು ಬಿಸಿಲಿಗೆ ಬಿಡುವ ರೂಢಿ ಇದೆ. ಪಾಲಿಹೌಸಿನಲ್ಲಿ ಡೊಣ್ಣಮೆಣಸು ಕಿತ್ತರೆ ಸವತೆ, ಸವತೆ ಕಿತ್ತರೆ ಟೊಮ್ಯಾಟೊ. ಹುಳುವಿಗೆ ಉಪವಾಸವೆಂಬುದೇ ಇಲ್ಲ. ಹುಳುವಿಗೆಂದು ಮಣ್ಣಿಗೆ ಹಾಕುತ್ತಿದ್ದ, ಥಿಮೆಟ್ ಎಂದು ಹೆಸರಾದ ಫೋರೇಟ್ ವಿಷ 2020ರ ಕೊನೆಗೆ ನಿಷೇಧವಾಯಿತು. ಆದದ್ದು ಒಳ್ಳೆಯದೇ, ಸವತೆಯನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ.

ಉಳಿದ ದಾರಿಗಳಲ್ಲೊಂದು ಬಿಸಿಲು. ಪಾರದರ್ಶಕ ಹಾಳೆ ಹಾಸಿ ಬಿಸಿಲಿನಿಂದಲೇ ಮಣ್ಣು ಕಾಯಿಸುವ ಪದ್ಧತಿಯನ್ನು ಇಸ್ರೇಲಿನ ವಿಜ್ಞಾನಿಗಳು 1976ರಲ್ಲಿ ಪ್ರಕಟಿಸಿದರು. ನಮ್ಮ ಸೊಲ್ಲಾಪುರದ ಮೇ ತಿಂಗಳೇನು ಕಡಿಮೆಯೇ? ಬೆಳೆಯನ್ನು ಬೇರುಸಮೇತ ಕಿತ್ತು ಹೊರಗೊಯ್ದು ಸುಟ್ಟು, ಮಡಿ ಸಡಿಲಿಸಿ, ಚೆನ್ನಾಗಿ ನೀರುಣಿಸಿ, 25 ಮೈಕ್ರಾನಿನ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಹಾಸಿ ಅಂಚಿಗೆ ಮಣ್ಣೆಳೆಯಬೇಕು. ಪಕ್ಕದ ಪರದೆಗಳನ್ನೂ ಇಳಿಸಿ ನಾಲ್ಕರಿಂದ ಆರು ವಾರ ಬಿಡಬೇಕು. ಒಣ ಮಣ್ಣಿನಲ್ಲಿ ಶಾಖ ಕೆಳಗಿಳಿಯುವುದಿಲ್ಲ. ಕರಿ ಮಲ್ಚಿಂಗ್ ಹಾಳೆಯೂ ಅಷ್ಟು ಕಾಯಿಸುವುದಿಲ್ಲ. ಆಳದಲ್ಲಿ ಉಳಿದ ಹುಳುವಿಗೆ ಬೇವಿನ ಹಿಂಡಿ, ಟ್ರೈಕೋಡರ್ಮಾ, ಪೆಸಿಲೋಮೈಸಿಸ್ ಎಂಬ ಜೀವಾಣು ಬೆರೆಸಿದ ಕೊಟ್ಟಿಗೆ ಗೊಬ್ಬರ. ಈ ಜೀವಾಣುಗಳ ಮೇಲೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಹಳ ಕೆಲಸ ಮಾಡಿದೆ. ಹಾಳೆ ತೆಗೆದ ಮೇಲೆಯೇ ಇವನ್ನು ಹಾಕಬೇಕು, ಮೊದಲೇ ಹಾಕಿದರೆ ಅವೂ ಬೆಂದುಹೋದಾವು.

ಇಷ್ಟೆಲ್ಲ ಹೇಳುವುದು ಸುಲಭ. ಆರು ವಾರ ಖಾಲಿ ಬಿಟ್ಟರೆ ಸಾಲದ ಕಂತು ಕಟ್ಟುವವರು ಯಾರು? ರೈತ ಮಣ್ಣಿಗೆ ಬಿಡುವು ಕೊಡದಿರುವುದು ತಿಳಿಯದೆ ಅಲ್ಲ, ಕೈ ಸಾಗದೆ. ಪಾಲಿಹೌಸಿಗೆ ಅರ್ಧದಷ್ಟು ಸಹಾಯಧನ ಕೊಡುವ ಸರ್ಕಾರ ಪೈಪು, ಹೊದಿಕೆ ಅಳೆದು ನೋಡುತ್ತದೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ, ನೆಮಟೋಡಿಗೆ ಮಾತ್ರ ಜಾಗವಿಲ್ಲ. ಆ ಒಂದು ಸಾಲು ಸೇರಿಸಲಿ. ಪಾಲಿಹೌಸ್ ಸಾಲಕ್ಕೆ ಮೇ, ಜೂನ್ ಕಂತನ್ನು ಬ್ಯಾಂಕುಗಳು ಮುಂದಕ್ಕೆ ಹಾಕಲಿ. ಬೆಳೆ ಸತ್ತು ಸಾಲ ಮುಳುಗುವುದಕ್ಕಿಂತ ಎರಡು ಕಂತು ತಡವಾದರೆ ಬ್ಯಾಂಕಿಗೂ ನಷ್ಟವೇನಿಲ್ಲ.