ಕಳೆದ ಕಾಲಕ್ಕೆ ಮರಳುವ ದಾರಿ

ಸೊರಬದ ಕಡೆಯ ರೈತರೊಬ್ಬರು ಈಚೆಗೆ ಆಡಿದ ಮಾತು ಮನಸ್ಸಿನಲ್ಲಿ ಉಳಿದಿದೆ. ಒಂದು ವರ್ಷ ಶುಂಠಿಗೆ ಬಂದ ಬೆಲೆ ಕಂಡು ಅವರು ಸಾಲ ಮಾಡಿ ಗದ್ದೆಗೆಲ್ಲ ಶುಂಠಿ ಹಾಕಿದರು. ಬೇಡವೆಂದ ಅಣ್ಣನೊಡನೆ ಜಗಳವಾಡಿ ಪಾಲು ತೆಗೆದುಕೊಂಡರು. ಮರುವರ್ಷ ಕೊಳೆರೋಗ ಬಂತು, ಬೆಲೆಯೂ ಬಿತ್ತು. “ಒಂದೈದು ವರ್ಷ ಹಿಂದಕ್ಕೆ ಹೋಗೋ ಹಾಗಿದ್ದಿದ್ರೆ ಎಲ್ಲಾ ಸರಿ ಮಾಡ್ತಿದ್ದೆ” ಎಂದರು. ಕಾಲದಲ್ಲಿ ಹಿಂದಕ್ಕೆ ಪಯಣಿಸುವ ಕಥೆಗಳನ್ನೂ ಚಲನಚಿತ್ರಗಳನ್ನೂ ನಾವು ಮೆಚ್ಚುವುದು ಇದೇ ಆಸೆಯಿಂದಲ್ಲವೇ?

ಜೈನ ದರ್ಶನವು ಕಾಲವನ್ನು ಆರು ದ್ರವ್ಯಗಳಲ್ಲಿ ಒಂದೆಂದು ಹೇಳುತ್ತದೆ. ಕುಂಬಾರನ ತಿಗರಿ ತಿರುಗುವುದಕ್ಕೆ ಅದರಡಿಯ ಕಲ್ಲು ಆಸರೆ ಮಾತ್ರ; ಹಾಗೆಯೇ ವಸ್ತುಗಳ ಪರಿಣಮನಕ್ಕೆ ಕಾಲವು ನಿಮಿತ್ತ ಮಾತ್ರ. ‘ಕಾಲ ಕೆಟ್ಟಿತು’ ಎನ್ನುತ್ತೇವೆ. ಕೆಟ್ಟದ್ದು ನಮ್ಮ ಭಾವ. ಕಾಲವು ಬದುಕನ್ನು ಕೆಡಿಸಲಿಲ್ಲ, ಆದ್ದರಿಂದ ಅದು ಹಿಂದಕ್ಕೆ ಸರಿದರೂ ಬದುಕು ಸರಿಹೋಗದು. ಆ ರೈತರು ಐದು ವರ್ಷ ಹಿಂದಕ್ಕೆ ಹೋದರೆನ್ನೋಣ. ಶುಂಠಿಯ ಬದಲು ಬೇರೊಂದು ಬೆಳೆ ಹಾಕಿಯಾರು. ಆದರೆ ಸಾಲ ಮಾಡಿಸಿದ ಲೋಭ, ಅಣ್ಣನ ಮಾತನ್ನು ತಳ್ಳಿಹಾಕಿದ ಮಾನಕಷಾಯ ಇವೆರಡೂ ಅವರ ಜೊತೆಯಲ್ಲೇ ಹೋಗುತ್ತವೆ. ಕರ್ಮಬಂಧವನ್ನು ಬಲಪಡಿಸುವುದು ಬೆಳೆಯಲ್ಲ, ಕಷಾಯ. ಹಿಂದಕ್ಕೆ ಹೋಗಬಯಸುವ ನಾವು ಹೆಚ್ಚಾಗಿ ಫಲವನ್ನು ಬದಲಿಸಬಯಸುತ್ತೇವೆ, ನಮ್ಮನ್ನಲ್ಲ.

1209ರಲ್ಲಿ ಜನ್ನ ಕವಿ ರಚಿಸಿದ ‘ಯಶೋಧರ ಚರಿತೆ’ ಈ ವಿಚಾರದಲ್ಲಿ ದಾರಿದೀಪ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ, ಆ ಸಂಕಲ್ಪಹಿಂಸೆಗಾಗಿ ತಾಯಿಯೊಡನೆ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾನೆ. ಕೊನೆಗೆ ಅವರಿಬ್ಬರೂ ಅಭಯರುಚಿ, ಅಭಯಮತಿ ಎಂಬ ಅವಳಿಗಳಾಗಿ ಹುಟ್ಟಿ ಹಿಂದಿನ ಭವಗಳನ್ನೆಲ್ಲ ನೆನೆಯುತ್ತಾರೆ. ಆ ನೆನಪು ನಡೆದದ್ದೊಂದನ್ನೂ ಅಳಿಸಲಿಲ್ಲ. ಆದರೆ ಅದನ್ನು ಕೇಳಿದ ಮಾರಿದತ್ತ ರಾಜನ ಕೈಯ ಖಡ್ಗ ಕೆಳಗಿಳಿಯಿತು. ನಡೆಯಬೇಕಿದ್ದ ಬಲಿ ನಿಂತಿತು. ಹಿಂದಣ ನೋಟದ ಪ್ರಯೋಜನ ಇದೇ: ಮುಂದಿನ ತಪ್ಪನ್ನು ತಡೆಯುವುದು.

ಹಾಗಾದರೆ ಆಗಿಹೋದದ್ದಕ್ಕೆ ಪರಿಹಾರವೇ ಇಲ್ಲವೇ? ಇದೆ. ಹಿಂದೆ ಕಟ್ಟಿದ ಕರ್ಮವು ಕಳೆದುಹೋದ ಕಾಲದಲ್ಲಿಲ್ಲ. ಅದು ಈಗಲೂ ಆತ್ಮದಲ್ಲಿ ಸತ್ತೆಯ ರೂಪದಲ್ಲಿದೆ. ಉದಯಕ್ಕೆ ಬರುವ ಮೊದಲೇ ಅದರ ಸ್ಥಿತಿಯನ್ನೂ ತೀವ್ರತೆಯನ್ನೂ ತಗ್ಗಿಸಬಹುದು, ಅದು ಅಪಕರ್ಷಣ. ಅಸಾತವನ್ನು ಸಾತವಾಗಿ ಪಲ್ಲಟಿಸಬಹುದು, ಅದು ಸಂಕ್ರಮಣ. ನಿಕಾಚಿತ ಕರ್ಮವೊಂದೇ ಹಾಗೆ ಬದಲಾಗದು. ಎಂದರೆ ಭೂತಕಾಲವನ್ನು ತಿದ್ದುವ ಕೆಲಸ ನಡೆಯಬೇಕಾದದ್ದು ವರ್ತಮಾನದಲ್ಲಿಯೇ.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಬಸದಿಯ ಮುಂದೆ ನಿಂತಾಗ ಜಕ್ಕಿಯಬ್ಬೆ ನೆನಪಾಗುತ್ತಾಳೆ. ಹತ್ತನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡಾಗ ಆ ಅಧಿಕಾರ ಅವಳ ಪಾಲಿಗೆ ಬಂತು. ಅವಳ ಬಾಳೂ ಒಡೆದಿತ್ತು. ಆದರೂ ನಾಡನ್ನು ಸಮರ್ಥವಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ದೇಹಕ್ಕೆ ರೋಗ ಬಂದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯಲ್ಲಿ ಸಲ್ಲೇಖನ ವ್ರತ ಕೈಗೊಂಡಳು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದುಃಖಕ್ಕೂ ಸಾಲಕ್ಕೂ ಹೆದರಿ ಬದುಕನ್ನು ಕೊನೆಗೊಳಿಸಿಕೊಳ್ಳುವುದು ಆತ್ಮಘಾತ. ಜಿನಧರ್ಮ ಅದನ್ನು ಒಪ್ಪದು. ಜಕ್ಕಿಯಬ್ಬೆ ಹೊಣೆಯಿಂದ ಓಡಲಿಲ್ಲ, ಹೊಣೆ ಮುಗಿಸಿ ಹೊರಟಳು. ಸೊರಬ ತಾಲ್ಲೂಕಿನ ಹಿರೇಆವಲಿಯ ನಿಷಿಧಿಗಲ್ಲುಗಳೂ ಸಮಾಧಿಮರಣದ ಹಾದಿಯಲ್ಲಿ ಸಾಗಿದವರ ಸ್ಮರಣೆಗಳೇ.

ಷಡಾವಶ್ಯಕಗಳಲ್ಲಿ ಒಂದಾದ ಪ್ರತಿಕ್ರಮಣ ಎಂಬ ಪದದ ಅರ್ಥವೇ ಹಿಂದಿರುಗುವುದು. ಕಳೆದ ದೋಷಕ್ಕೆ ಪ್ರತಿಕ್ರಮಣ, ಇಂದಿನದಕ್ಕೆ ಆಲೋಚನೆ, ಮುಂದಿನದಕ್ಕೆ ಪ್ರತ್ಯಾಖ್ಯಾನ: ಮೂರು ಕಾಲಗಳನ್ನೂ ಆಚಾರ್ಯರು ಹೀಗೆ ನಮ್ಮ ಕೈಗೆ ಕೊಟ್ಟಿದ್ದಾರೆ. ಆದರೆ ನಾವು ಅದನ್ನು ಪಾಠ ಒಪ್ಪಿಸುವ ಕ್ರಿಯೆಯಾಗಿ ಮಾಡಿಕೊಂಡಿದ್ದೇವೆ. ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯ ದಿನ ಮನಸ್ತಾಪವಿಲ್ಲದ ನೂರು ಮಂದಿಗೆ ಸಂದೇಶ ಕಳುಹಿಸುತ್ತೇವೆ. ಮಾತು ಬಿಟ್ಟ ಒಬ್ಬನ ಮನೆಗೆ ಮಾತ್ರ ಹೋಗುವುದಿಲ್ಲ. ಆ ಒಂದು ಮನೆಗೆ ಹೋಗದವನ ಪ್ರತಿಕ್ರಮಣ ಪೂರ್ಣವಾಗದು ಎಂಬುದು ನನ್ನ ಅಭಿಪ್ರಾಯ.

ಆ ರೈತರಿಗೆ ನಾನು ಹೇಳಿದ್ದೂ ಅಷ್ಟೇ. ಸಾಲವು ಪ್ರತಿಕ್ರಮಣದಿಂದ ತೀರದು, ದುಡಿದೇ ತೀರಿಸಬೇಕು. ಆದರೆ ಅಣ್ಣನ ಮನೆಗೆ ಐದು ವರ್ಷಗಳ ದಾರಿಯೇನಿಲ್ಲ, ಒಂದು ಬೇಲಿಯ ಅಂತರ. ಬಾಗಿಲು ತೆರೆಯುವುದು ಅಣ್ಣನಿಗೆ ಬಿಟ್ಟದ್ದು. ತಟ್ಟುವುದು ಮಾತ್ರ ನಮ್ಮದು, ಅದೂ ಈ ಸಮಯದಲ್ಲಿ.