ಚಟ ಬೇರೆ, ಮನುಷ್ಯ ಬೇರೆ

ಇಳಕಲ್ಲಿನ ಪೂಜ್ಯ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ತಿರುಗಿ ಕಾಣಿಕೆ ಬೇಡಲಿಲ್ಲ, ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಯಲ್ಲಿ ಭಾಷೆಯ ದೊಡ್ಡ ಪಾಠವೊಂದಿದೆ. ಒಬ್ಬನನ್ನು ‘ಕುಡುಕ’ ಎಂದು ಕರೆದರೆ ಕುಡಿತವೇ ಅವನ ಗುರುತಾಗುತ್ತದೆ, ಬಿಡುವುದಕ್ಕೆ ದಾರಿ ಉಳಿಯುವುದಿಲ್ಲ. ಕುಡಿತವನ್ನು ಜೋಳಿಗೆಗೆ ಹಾಕು ಎಂದರೆ ಚಟ ಬೇರೆ, ಮನುಷ್ಯ ಬೇರೆಯಾಗುತ್ತಾರೆ.

ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತನಾಡಿಸುವ ಕುಟುಂಬ ಚಿಕಿತ್ಸೆಯಲ್ಲಿಯೂ ಈ ವಿಚಾರವಿದೆ. ಆಸ್ಟ್ರೇಲಿಯಾದ ಮೈಕೇಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ 1990ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ‘ಹುಡುಗ ಯಾಕೆ ಸಿಡುಕ?’ ಎಂದು ಕೇಳುವ ಬದಲು ‘ಸಿಟ್ಟು ಯಾವಾಗ ಬರುತ್ತದೆ? ಯಾರ ನಡುವೆ ಬಿರುಕು ತರುತ್ತದೆ? ಅದನ್ನು ಅವನು ಗೆದ್ದ ದಿನ ಯಾವುದು?’ ಎಂದು ಕೇಳುವ ಕ್ರಮ ಇದು. ಕಾಲುವೆ ಸೋರಿದಾಗ ನಾವು ಎಂಜಿನಿಯರುಗಳು ಕೇಳುವುದೂ ಎಲ್ಲಿ, ಯಾವಾಗ, ಎಷ್ಟು ಎಂದೇ. ಕಾಲುವೆಯನ್ನು ಬೈದರೆ ಸೋರಿಕೆ ನಿಲ್ಲುವುದಿಲ್ಲ.

ನಮ್ಮ ಮನೆಗಳ ಮಾತನ್ನು ನೋಡಿ. ಮಕ್ಕಳಾಗದಿರಲು ಕಾರಣ ಗಂಡನಲ್ಲಿಯೂ ಇರಬಹುದು. ಆದರೆ ‘ಬಂಜೆ’ ಎಂಬ ಪದ ಸಿದ್ಧವಾಗಿರುವುದರಿಂದ ಹೆಂಡತಿ ಒಬ್ಬಳೇ ಆಸ್ಪತ್ರೆ, ಹರಕೆ ಎಂದು ಅಲೆಯುತ್ತಾಳೆ. ‘ದಡ್ಡ’ ಎಂದು ಕರೆಸಿಕೊಂಡ ಮಗುವಿಗೆ ಅಕ್ಷರ ಕಾಣುತ್ತಿದೆಯೇ, ಕಿವಿ ಕೇಳುತ್ತಿದೆಯೇ ಎಂದು ಯಾರೂ ನೋಡುವುದಿಲ್ಲ. ಹೆಸರಿಟ್ಟ ಕೂಡಲೇ ವಿಚಾರಣೆ ಮುಗಿದುಹೋಗುತ್ತದೆ.

ಹಾಗೆಂದು ತಪ್ಪಿತಸ್ಥನನ್ನು ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಜೋಳಿಗೆಗೆ ಚಟವನ್ನು ಹಾಕಬೇಕಾದ ಕೈ ಅವನದೇ, ಹೆಂಡತಿಗೆ ಹೊಡೆದ ಕೈಯೂ ಅವನದೇ. ಹೊಡೆತವನ್ನು ‘ಹೊಂದಾಣಿಕೆಯ ಕೊರತೆ’ ಎನ್ನುವುದು ಇನ್ನೊಂದು ಬಗೆಯ ಸುಳ್ಳು ಭಾಷೆ. ಹೊಂದಾಣಿಕೆ ಎಂದೊಡನೆ ಅರ್ಧ ತಪ್ಪು ಹೊಡೆಸಿಕೊಂಡವಳ ತಲೆಗೆ ಬರುತ್ತದೆ. ಹೊಡೆತವನ್ನು ಹೊಡೆತವೆಂದೇ ಕರೆಯಬೇಕು.

ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಕಟ್ಲೆಗಳನ್ನು ಆಲಿಸಿ ಬಗೆಹರಿಸುತ್ತ ಬಂದಿದೆ. ಗಂಡ ಹೆಂಡಿರ ಜಗಳ ಇತರ ಮಠಗಳ ಬಾಗಿಲಿಗೂ ಬರುತ್ತದೆ. ಅಲ್ಲಿ ಕೂರುವ ಹಿರಿಯರಲ್ಲಿ ನನ್ನ ಬಿನ್ನಹ ಮೂರು: ಬಿರುದು, ಬೈಗುಳ ಬಿಟ್ಟು ನಡೆದದ್ದನ್ನಷ್ಟೇ ಹೇಳಿಸಿರಿ. ಹೆಣ್ಣುಮಗಳ ಮಾತನ್ನು ಅವಳ ಬಾಯಿಂದಲೇ ಕೇಳಿರಿ. ಮನಸ್ಸಿನ ಕಾಯಿಲೆ ಕಂಡರೆ ವೈದ್ಯರಲ್ಲಿಗೆ ಕಳುಹಿಸಿರಿ.

ಶರಣರು ಧರ್ಮವನ್ನು ಜನರ ಕನ್ನಡದಲ್ಲಿ ನುಡಿದರು, ಹೆಣ್ಣುಮಕ್ಕಳೂ ವಚನ ಬರೆದರು. ಆ ಪರಂಪರೆಯ ನಾವು ಮನೆಯೊಳಗಿನ ನುಡಿಯನ್ನು ಮೊದಲು ಶುದ್ಧ ಮಾಡಿಕೊಳ್ಳೋಣ.