ಬಾವಿಯೊಳಗಿನ 282 ಮಂದಿ ಮತ್ತು ನಮ್ಮ ದೇಶಭಕ್ತಿ

ದೇಶಭಕ್ತಿ ಅಂದ್ರೆ ಗುದ್ದಲಿ ಹಿಡಿದು ಅಗೆಯೋದು ಅಂತ ನಮಗೆ ಯಾರು ಹೇಳಿಕೊಟ್ರು? ಪಂಜಾಬಿನ ಅಜ್ನಾಲಾ ಬಾವಿಯ ಬಗ್ಗೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. ಬ್ರಿಟಿಷರ ಮೇಲೆ ಮಾತ್ರ ಅಲ್ಲ, ನಮ್ಮ ಮೇಲೂ.

ಗೊತ್ತಿಲ್ಲದವರಿಗೆ ಚುಟುಕಾಗಿ ಕಥೆ ಹೇಳಿಬಿಡ್ತೀನಿ. ಲಾಹೋರಿನ ಮಿಯಾನ್ ಮೀರ್ ದಂಡಿನಲ್ಲಿ ಆಯುಧ ಕಿತ್ತುಕೊಂಡು ಇಟ್ಟಿದ್ದ ಬೆಂಗಾಲ್ ನೇಟಿವ್ ಇನ್‌ಫೆಂಟ್ರಿಯ 26ನೇ ರೆಜಿಮೆಂಟು 1857ರ ಜುಲೈ 30ರಂದು ದಂಗೆ ಎದ್ದಿತು. ಮೇಜರ್ ಸ್ಪೆನ್ಸರ್‌ನನ್ನು ಕೊಂದು ಸಿಪಾಯಿಗಳು ಓಡಿದರು. ರಾವಿ ನದಿಯ ಹತ್ತಿರ ಸಿಕ್ಕಿಬಿದ್ದ 282 ಮಂದಿಯನ್ನು ಅಮೃತಸರದ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್ ಅಜ್ನಾಲಾಕ್ಕೆ ತರಿಸಿದ. ಆಗಸ್ಟ್ 1ರಂದು ಹತ್ತತ್ತು ಜನರನ್ನು ಹೊರಗೆ ತಂದು 237 ಮಂದಿಗೆ ಗುಂಡಿಕ್ಕಿದರು. ಇನ್ನುಳಿದ 45 ಮಂದಿ ಕೂಡಿಹಾಕಿದ್ದ ಜಾಗದಲ್ಲೇ ಸೆಕೆಗೆ, ಉಸಿರುಕಟ್ಟಿ ಸತ್ತಿದ್ದರು. ಎಲ್ಲರನ್ನೂ ಒಂದು ಪಾಳು ಬಾವಿಗೆ ಎಸೆದರು. ವಿಚಾರಣೆ ಗಿಚಾರಣೆ ಏನೂ ಇಲ್ಲ!

ಇದೇನು ಗುಟ್ಟಲ್ಲ. ಕೂಪರ್ ಮಹಾಶಯನೇ 1858ರಲ್ಲಿ ಪುಸ್ತಕ ಬರೆದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಕೊಂದವನೇ ವಿಳಾಸ ಕೊಟ್ಟಿದ್ದರೂ ನಾವು ಬಾವಿ ತೆಗೆದದ್ದು 2014ರಲ್ಲಿ. ತೆಗೆದ ರೀತಿಯಾದರೂ ಹೇಗೆ? ಪುರಾತತ್ವ ಇಲಾಖೆ ಬ್ರಷ್ಷು ಹಿಡಿದು ಕೂರಬೇಕಿದ್ದ ಕಡೆ, ತರಬೇತಿ ಇಲ್ಲದ ಉತ್ಸಾಹಿಗಳು ಕೆಲವೇ ದಿನಗಳಲ್ಲಿ ಅಗೆದು ಮುಗಿಸಿದರು. ಮೂಳೆಗಳು ಮುರಿದವು, ಒಬ್ಬರದು ಇನ್ನೊಬ್ಬರದರ ಜೊತೆ ಬೆರೆತುಹೋದವು. ಯಾವ ಮೂಳೆ ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿತ್ತು ಅನ್ನೋದು ಮತ್ತೆ ಎಂದಿಗೂ ಸಿಗಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್ ಫೈಲ್ ಡಿಲೀಟ್ ಮಾಡಿ ಆಮೇಲೆ ಬಗ್ ಹುಡುಕೋಕೆ ಕೂತ ಹಾಗೆ.

ಅದರ ಫಲ ಏನು ಗೊತ್ತಾ? ಇವರು 1857ರ ಸಿಪಾಯಿಗಳೇ ಅಲ್ಲ, 1947ರ ದೇಶವಿಭಜನೆಯ ಗಲಭೆಯಲ್ಲಿ ಸತ್ತವರು ಅನ್ನೋ ವಾದವೂ ಎದ್ದಿತು. ಕೊನೆಗೆ ಕಾಪಾಡಿದ್ದು ಹಲ್ಲು! ಬಾಲ್ಯದಲ್ಲಿ ಕುಡಿದ ನೀರಿನ ಆಮ್ಲಜನಕದ ಐಸೋಟೋಪ್ ಗುರುತು ಹಲ್ಲಿನ ಎನಾಮೆಲ್‌ನಲ್ಲಿ ಉಳಿದುಬಿಡುತ್ತೆ. ಪಂಜಾಬ್ ವಿಶ್ವವಿದ್ಯಾಲಯ, ಹೈದರಾಬಾದಿನ ಸಿಸಿಎಂಬಿ, ಲಖನೌದ ಬೀರಬಲ್ ಸಾಹನಿ ಸಂಸ್ಥೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿ 50 ಮಾದರಿಗಳ ಡಿಎನ್ಎ, 85 ಮಾದರಿಗಳ ಐಸೋಟೋಪ್ ಪರೀಕ್ಷೆ ಮಾಡಿದರು. 2022ರಲ್ಲಿ ಫಲಿತಾಂಶ ಬಂತು. ಇವರು ಪಂಜಾಬಿನವರಲ್ಲ, ಗಂಗಾ ಬಯಲಿನವರು. 26ನೇ ರೆಜಿಮೆಂಟಿನ ಸಿಪಾಯಿಗಳು ಬಂದಿದ್ದೂ ಆ ಕಡೆಯಿಂದಲೇ.

ಈಗ ಫ್ರಾನ್ಸಿನ ಫ್ರೋಮೆಲ್ ನೋಡಿ. 1916ರ ಜುಲೈ 19-20ರ ಒಂದೇ ರಾತ್ರಿಯ ಯುದ್ಧದಲ್ಲಿ ಆಸ್ಟ್ರೇಲಿಯಾದ 5,533 ಸೈನಿಕರು ಸತ್ತರು, ಗಾಯಗೊಂಡರು ಅಥವಾ ಸೆರೆಸಿಕ್ಕರು. ಜರ್ಮನ್ನರು ಹೂತಿದ್ದ ಗುಂಡಿಗಳನ್ನು ಮೊದಲು ಪರೀಕ್ಷೆಗೆ ಅಂತ ಸ್ವಲ್ಪ ತೆರೆದು ನೋಡಿದರು. ಆಮೇಲೆ 2009ರಲ್ಲಿ ಪುರಾತತ್ವಜ್ಞರು 250 ದೇಹಗಳನ್ನು ಒಂದೊಂದಾಗಿ ಎತ್ತಿದರು. ಡಿಎನ್ಎ ತೆಗೆದು ಬಂಧುಗಳ ಜೊತೆ ಹೋಲಿಸಿದರು. ಪ್ರತಿಯೊಬ್ಬನಿಗೂ ಬೇರೆ ಸಮಾಧಿ ಕಟ್ಟಿದರು. 170ಕ್ಕೂ ಹೆಚ್ಚು ಜನರಿಗೆ ಹೆಸರು ಸಿಕ್ಕಿದೆ.

"ಅವರ ಹತ್ರ ದುಡ್ಡಿದೆ, ಸೈನಿಕರ ಪಟ್ಟಿ ಇದೆ, ಮೊಮ್ಮಕ್ಕಳು ಬದುಕಿದ್ದಾರೆ" ಅಂತೀರಾ? ಒಪ್ಪಿದೆ. ಅಜ್ನಾಲಾದ ಒಬ್ಬೊಬ್ಬರಿಗೂ ಹೆಸರು ಸಿಗೋದು ಕಷ್ಟವೇ. ಆದರೆ ಒಬ್ಬನ ಮೂಳೆಯನ್ನು ಒಂದೇ ಕಡೆ ಇಡೋಕೆ ಮೊಮ್ಮಕ್ಕಳು ಬೇಕಿರಲಿಲ್ಲ, ತಾಳ್ಮೆ ಸಾಕಿತ್ತು.

"ಸರ್ಕಾರ ಮಾಡಲಿಲ್ಲ, ಊರಿನವರು ಮಾಡಿದರು, ಅವರನ್ನೇ ಬೈತೀಯಾ?" ಅಂತ ಇನ್ನೊಂದು ಪ್ರಶ್ನೆ. ಇಲ್ಲ ಸ್ವಾಮಿ. ಅವರು ಗುದ್ದಲಿ ಹಿಡಿಯೋ ಪರಿಸ್ಥಿತಿ ತಂದವರನ್ನು ಬೈತಿದ್ದೀನಿ. ಅವರು ಅಗೆಯದಿದ್ದರೆ ಈ 282 ಮಂದಿ ಇನ್ನೂ ಪುಸ್ತಕದ ಒಂದು ಸಂಖ್ಯೆಯಾಗಿಯೇ ಇರುತ್ತಿದ್ದರು.

ಹುತಾತ್ಮರೋ, ದಂಗೆಕೋರರೋ ಅನ್ನೋ ಜಗಳ ಬೇಕಾದ್ರೆ ಆಮೇಲೆ ಆಡೋಣ. ಮೂಳೆ ಅಂದ್ರೆ ಮೊದಲು ಮನುಷ್ಯ, ಆಮೇಲೆ ಸಾಕ್ಷಿ, ಘೋಷಣೆ ಕೂಗೋದು ಎಲ್ಲಕ್ಕಿಂತ ಕೊನೆಗೆ. ನಾವು ಕೊನೆಯದರಿಂದ ಶುರು ಮಾಡ್ತೀವಿ, ಅದೇ ತೊಂದರೆ. ಇಂಥ ಜಾಗ ಸಿಕ್ಕ ದಿನವೇ ಬೇಲಿ ಹಾಕಿ, ತರಬೇತಿ ಆದವರು ಬರೋವರೆಗೂ ಯಾರೂ ಮುಟ್ಟಕೂಡದು ಅನ್ನೋ ಒಂದು ನಿಯಮ, ಕರೆದ ತಕ್ಷಣ ಬರೋ ಒಂದು ತಂಡ. ನಾನು ಕೇಳ್ತಿರೋದು ಇಷ್ಟೇ.

ಇದು ಜಾಸ್ತಿ ಆಯ್ತಾ? ನೀವೇನಂತೀರಿ ಗೆಳೆಯರೇ?